ಸಸ್ಯಗಳು ಮಣ್ಣಿನ ಸಾರವನ್ನು ಪಡೆಯುವ ಬಗೆ

ಗಿಡದ ಬೇರು ಮಣ್ಣಿನಿಂದ ನೀರನ್ನೂ ಲವಣಗಳನ್ನೂ ಹೀರಿಕೊಳ್ಳುತ್ತದೆಂಬುದು ಪ್ರಾಥಮಿಕ ಶಾಲೆಯ ವಿದ್ಯಾರ್ಥಿಗೂ ತಿಳಿದ ಸಂಗತಿ. ಆದರೆ 'ಹೀರಿಕೊಳ್ಳುವುದು' ಎಂಬ ಆ ಒಂದು ಮಾತಿನ ಹಿಂದೆ ಎಷ್ಟೊಂದು ವ್ಯಾಪಾರಗಳು ಅಡಗಿವೆಯೆಂದು ನಾವು ಯೋಚಿಸುವುದು ವಿರಳ. ದೀಪದ ಬತ್ತಿ ಎಣ್ಣೆಯನ್ನು ಹೀರುತ್ತದೆ. ಒಣಗಿದ ಅರಿವೆ ನೀರನ್ನು ಹೀರುತ್ತದೆ. ಇವೆರಡಕ್ಕೂ ಬೇಕು ಬೇಡಗಳ ವಿವೇಚನೆಯಿಲ್ಲ. ಬೇರಿನ ಕಾರ್ಯವೂ ಇದೇ ಬಗೆಯದಾಗಿದ್ದರೆ, ಮಣ್ಣಿನ ನೀರಿನಲ್ಲಿ ಕರಗಿರುವ ವಸ್ತುಗಳೆಲ್ಲ ಅದೇ ಪ್ರಮಾಣದಲ್ಲಿ ಗಿಡದೊಳಗೂ ಇರಬೇಕಾಗಿತ್ತು. ವಸ್ತುಸ್ಥಿತಿ ಹಾಗಿಲ್ಲ. ಮಣ್ಣಿನ ನೀರಿನಲ್ಲಿ ಅತ್ಯಲ್ಪವಾಗಿರುವ ಪೊಟ್ಯಾಸಿಯಂ ಬೇರಿನ ಜೀವಕೋಶದಲ್ಲಿ ನೂರಾರು ಪಟ್ಟು ಸಾಂದ್ರವಾಗಿರುತ್ತದೆ. ರಂಜಕವಂತೂ ಸಾವಿರ ಪಟ್ಟಿಗೂ ಮೀರಿ ಸಂಗ್ರಹವಾಗಿರುತ್ತದೆ. ಹೊರಗೆ ಹೇರಳವಾಗಿದ್ದರೂ ಸೋಡಿಯಂ ಒಳಗೆ ಮಿತವಾಗಿರುತ್ತದೆ.

ಆದುದರಿಂದ ಬೇರು ಆರಿಸುತ್ತದೆ. ಆರಿಸಿದ್ದನ್ನು ಶಕ್ತಿವ್ಯಯ ಮಾಡಿ ಒಳಗೆ ತರುತ್ತದೆ. ಈ ಆಯ್ಕೆ ನಡೆಯುವುದು ಅಣುಗಳ ಮಟ್ಟದಲ್ಲಿ, ಕಣ್ಣಿಗೆ ಕಾಣದ ಬಾಗಿಲುಗಳಲ್ಲಿ. ಹೊಲಕ್ಕೆ ಹಾಕಿದ ಗೊಬ್ಬರದಲ್ಲಿ ಬೆಳೆಗೆ ದಕ್ಕುವುದೆಷ್ಟು, ನಮ್ಮ ಅನ್ನದ ತಟ್ಟೆಗೆ ಕಬ್ಬಿಣ ಸತುಗಳು ಬರುವುದೆಷ್ಟು, ಅವುಗಳ ಜೊತೆಗೆ ವಿಷಪದಾರ್ಥಗಳು ನುಸುಳುವುದು ಹೇಗೆ ಎಂಬ ಪ್ರಶ್ನೆಗಳಿಗೆ ಬಹುಮಟ್ಟಿಗೆ ಉತ್ತರ ದೊರೆಯುವುದು ಇಲ್ಲಿಯೇ. ಈ ವಿಷಯವನ್ನು ಸಾಧ್ಯವಾದಷ್ಟು ಸರಳವಾಗಿ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

ಎರಡು ಔನ್ಸುಗಳ ಪ್ರಶ್ನೆ

ಹದಿನೇಳನೆಯ ಶತಮಾನದಲ್ಲಿ ಫ್ಲಾಂಡರ್ಸ್ ಪ್ರಾಂತದ ವಾನ್ ಹೆಲ್ಮೊಂಟ್ ಎಂಬ ವಿದ್ವಾಂಸನು ೨೦೦ ಪೌಂಡ್ ಒಣಮಣ್ಣನ್ನು ಕುಂಡದಲ್ಲಿ ತುಂಬಿ, ೫ ಪೌಂಡ್ ತೂಕದ ವಿಲ್ಲೋ ಗಿಡವೊಂದನ್ನು ನೆಟ್ಟು, ನೀರನ್ನು ಮಾತ್ರ ಎರೆಯುತ್ತ ಬಂದನು. ಐದು ವರ್ಷಗಳ ಅನಂತರ ಗಿಡದ ತೂಕ ೧೬೯ ಪೌಂಡ್‌ಗೂ ಸ್ವಲ್ಪ ಹೆಚ್ಚಾಗಿತ್ತು. ಮಣ್ಣು ಕಡಿಮೆಯಾದದ್ದು ಸುಮಾರು ಎರಡು ಔನ್ಸು ಮಾತ್ರ. ಅವನ ನಿಧನಾನಂತರ ೧೬೪೮ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ಪ್ರಯೋಗದ ವಿವರವಿದೆ. ಗಿಡದ ಮೈಯೆಲ್ಲ ನೀರಿನಿಂದಲೇ ಆದುದೆಂದು ಅವನು ಭಾವಿಸಿದನು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಗಿಡದ ಮೈಯಾಗುತ್ತದೆಂಬುದು ಆ ಕಾಲಕ್ಕೆ ಯಾರಿಗೂ ತಿಳಿದಿರಲಿಲ್ಲ. ಲೆಕ್ಕಕ್ಕೆ ಬಾರದೆಂದು ಅವನು ಬಿಟ್ಟ ಆ ಎರಡು ಔನ್ಸುಗಳೇ ನಮ್ಮ ಇಂದಿನ ವಿಷಯ. ಅಷ್ಟು ಅಲ್ಪವಾದ ಖನಿಜಾಂಶವಿಲ್ಲದೆ ಆ ಮರ ಬೆಳೆಯುವಂತಿರಲಿಲ್ಲ.

೧೮೬೦ರಲ್ಲಿ ಜರ್ಮನಿಯ ಯೂಲಿಯುಸ್ ಸಾಕ್ಸ್ ಮಣ್ಣಿಲ್ಲದೆಯೇ, ಲವಣಗಳನ್ನು ಕರಗಿಸಿದ ನೀರಿನಲ್ಲಿ ಗಿಡಗಳನ್ನು ಬೆಳೆಸಿ ತೋರಿಸಿದನು. ಈ ವಿಧಾನದಿಂದ ಒಂದೊಂದು ಧಾತುವನ್ನು ಬಿಟ್ಟು ನೋಡಿ, ಯಾವುದು ಅನಿವಾರ್ಯವೆಂದು ನಿರ್ಣಯಿಸುವುದು ಸಾಧ್ಯವಾಯಿತು. ಇಂಗಾಲ, ಜಲಜನಕ, ಆಮ್ಲಜನಕಗಳನ್ನು ಬಿಟ್ಟರೆ ಹದಿನಾಲ್ಕು ಖನಿಜಧಾತುಗಳು ಸಸ್ಯಗಳಿಗೆ ಅವಶ್ಯಕವೆಂದು ಇಂದು ಅಂಗೀಕೃತವಾಗಿದೆ. ಸಾರಜನಕ, ರಂಜಕ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಗಂಧಕ ಇವು ಹೆಚ್ಚು ಪ್ರಮಾಣದಲ್ಲಿ ಬೇಕು. ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ, ಬೋರಾನ್, ಮಾಲಿಬ್ಡಿನಮ್, ಕ್ಲೋರಿನ್, ನಿಕ್ಕಲ್ ಇವು ಲೇಶಮಾತ್ರ ಸಾಕು. ಆದರೆ ಲೇಶಮಾತ್ರವೂ ದೊರೆಯದಿದ್ದರೆ ಬೆಳೆ ನಿಲ್ಲುತ್ತದೆ.

ಬೇರಿನ ವಿಸ್ತಾರ

ಈ ಧಾತುಗಳು ಮಣ್ಣಿನ ನೀರಿನಲ್ಲಿ ಅಯಾನುಗಳಾಗಿ, ಅಂದರೆ ವಿದ್ಯುದಂಶವುಳ್ಳ ಕಣಗಳಾಗಿ, ಕರಗಿರುತ್ತವೆ. ಅವುಗಳನ್ನು ಅರಸಿ ಬೇರು ಮಣ್ಣಿನಲ್ಲಿ ಹರಡಿಕೊಳ್ಳುವ ಪರಿ ಬೆರಗು ಹುಟ್ಟಿಸುವಂಥದು. ೧೯೩೭ರಲ್ಲಿ ಅಮೆರಿಕದ ಡಿಟ್ಮರ್ ಎಂಬಾತನು ನಾಲ್ಕು ತಿಂಗಳು ಬೆಳೆದ ಒಂದೇ ರೈ ಗಿಡದ ಬೇರುಗಳನ್ನು ತೊಳೆದು ಅಳೆದು ಲೆಕ್ಕ ಹಾಕಿದನು. ಎಲ್ಲ ಬೇರುಗಳ ಒಟ್ಟು ಉದ್ದ ೬೦೦ ಕಿಲೋಮೀಟರಿಗಿಂತ ಹೆಚ್ಚಾಗಿತ್ತು. ಅವುಗಳ ಮೇಲಣ ಸೂಕ್ಷ್ಮವಾದ ಬೇರುರೋಮಗಳ ಸಂಖ್ಯೆ ಸುಮಾರು ೧,೪೦೦ ಕೋಟಿ.

ಇಷ್ಟಾದರೂ ಸಾಲದೆಂಬಂತೆ ಬಹುಪಾಲು ನೆಲಸಸ್ಯಗಳು ಒಂದು ಜಾತಿಯ ಶಿಲೀಂಧ್ರಗಳೊಡನೆ ಸಹಬಾಳ್ವೆ ನಡೆಸುತ್ತವೆ. ರಂಜಕವು ಮಣ್ಣಿನ ಕಣಗಳಿಗೆ ಗಟ್ಟಿಯಾಗಿ ಅಂಟಿಕೊಂಡು ಬಹು ನಿಧಾನವಾಗಿ ಚಲಿಸುವುದರಿಂದ, ಬೇರಿನ ಸುತ್ತಣ ರಂಜಕ ಬೇಗನೆ ಬರಿದಾಗುತ್ತದೆ. ಶಿಲೀಂಧ್ರದ ಎಳೆಗಳು ಅದರಾಚೆಗೂ ಚಾಚಿ ರಂಜಕವನ್ನು ತಂದೊಪ್ಪಿಸುತ್ತವೆ. ಪ್ರತಿಫಲವಾಗಿ ಗಿಡದಿಂದ ಸಕ್ಕರೆ ಮತ್ತು ಕೊಬ್ಬಿನಂಶಗಳನ್ನು ಪಡೆಯುತ್ತವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜ್ ಅವರು ಈ ಶಿಲೀಂಧ್ರಗಳನ್ನು ಕುರಿತು ದೀರ್ಘಕಾಲ ಸಂಶೋಧನೆ ನಡೆಸಿದುದನ್ನು ಇಲ್ಲಿ ಸ್ಮರಿಸಬಹುದು.

ಕೋಶಪೊರೆ ಮತ್ತು ಅದರ ಪಂಪು

ಬೇರಿನ ಪ್ರತಿಯೊಂದು ಜೀವಕೋಶವನ್ನೂ ಒಂದು ಪೊರೆ ಆವರಿಸಿಕೊಂಡಿದೆ. ಅದರ ದಪ್ಪ ಒಂದು ಮಿಲಿಮೀಟರಿನ ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ. ಕೊಬ್ಬಿನ ಜಾತಿಯ ಅಣುಗಳ ಎರಡು ಪದರಗಳಿಂದಾದ ಈ ಪೊರೆಯನ್ನು ವಿದ್ಯುದಂಶವುಳ್ಳ ಕಣಗಳು ತಾವಾಗಿ ದಾಟಲಾರವು. ಎಣ್ಣೆಯಲ್ಲಿ ಉಪ್ಪು ಕರಗದಿರುವಂತೆಯೇ ಇದು. ಅವು ದಾಟಬೇಕಾದರೆ ಪೊರೆಯಲ್ಲಿ ಹುದುಗಿರುವ ವಿಶೇಷ ಪ್ರೋಟೀನುಗಳ ಮೂಲಕವೇ ದಾಟಬೇಕು. ಈ ಪ್ರೋಟೀನುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು: ಪಂಪುಗಳು, ಕಾಲುವೆಗಳು, ವಾಹಕಗಳು.

ಇವುಗಳಲ್ಲಿ ಪಂಪಿಗೆ ಅಗ್ರಸ್ಥಾನ. ಎ.ಟಿ.ಪಿ. ಎಂಬುದು ಜೀವಕೋಶದ ಶಕ್ತಿಯ ನಾಣ್ಯವಿದ್ದಂತೆ. ಪಂಪು ಒಂದು ಎ.ಟಿ.ಪಿ. ಅಣುವನ್ನು ವ್ಯಯಿಸಿ ಜಲಜನಕದ ಒಂದು ಅಯಾನನ್ನು, ಎಂದರೆ ಒಂದು ಪ್ರೋಟಾನನ್ನು, ಕೋಶದಿಂದ ಹೊರಕ್ಕೆ ತಳ್ಳುತ್ತದೆ. ಈ ಕಾರ್ಯ ನಿರಂತರವಾಗಿ ನಡೆಯುವುದರಿಂದ ಎರಡು ಪರಿಣಾಮಗಳುಂಟಾಗುತ್ತವೆ. ಕೋಶದ ಹೊರಗೆ ಆಮ್ಲತೆ ಹೆಚ್ಚುತ್ತದೆ. ಕೋಶದ ಒಳಭಾಗವು ಹೊರಗಿಗೆ ಹೋಲಿಸಿದರೆ ನೂರಕ್ಕೂ ಹೆಚ್ಚು ಮಿಲಿವೋಲ್ಟ್‌ನಷ್ಟು ಋಣವಿದ್ಯುತ್ತನ್ನು ಹೊಂದುತ್ತದೆ. ಬಾವಿಯ ನೀರನ್ನು ಮೇಲಣ ತೊಟ್ಟಿಗೆ ಏರಿಸಿಟ್ಟರೆ, ಅದು ಇಳಿಯುವಾಗ ಚಕ್ರವನ್ನು ತಿರುಗಿಸಬಲ್ಲದಷ್ಟೆ. ಅಂತೆಯೇ, ಹೊರಗೆ ಸಂಗ್ರಹವಾದ ಪ್ರೋಟಾನುಗಳು ಮರಳಿ ಒಳಬರುವ ಒತ್ತಡವೇ ಇತರ ಅಯಾನುಗಳನ್ನು ಒಳಗೆ ತರುವ ಶಕ್ತಿಯಾಗುತ್ತದೆ. ಪ್ರೋಟಾನುಗಳ ಇಂಥ ಸಂಗ್ರಹವು ಜೀವಿಗಳಲ್ಲಿ ಶಕ್ತಿಯ ಮಾಧ್ಯಮವಾಗಬಲ್ಲದೆಂದು ೧೯೬೧ರಲ್ಲಿ ಪ್ರತಿಪಾದಿಸಿದ ಇಂಗ್ಲೆಂಡಿನ ಪೀಟರ್ ಮಿಚೆಲ್ ಅವರಿಗೆ ೧೯೭೮ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಎ.ಟಿ.ಪಿ. ತಯಾರಾಗಬೇಕಾದರೆ ಬೇರು ಉಸಿರಾಡಬೇಕು. ಉಸಿರಾಡಲು ಮಣ್ಣಿನಲ್ಲಿ ಗಾಳಿಯಿರಬೇಕು. ಕ್ಯಾಲಿಫೋರ್ನಿಯಾದ ಹೋಗ್ಲೆಂಡ್ ಮತ್ತು ಬ್ರಾಯರ್ ೧೯೩೬ರಲ್ಲಿ ಬಾರ್ಲಿಯ ಬೇರುಗಳ ಮೇಲೆ ನಡೆಸಿದ ಪ್ರಯೋಗಗಳು, ಗಾಳಿಯಾಡದ ನೀರಿನಲ್ಲಿ ಬೇರು ಲವಣಗಳನ್ನು ಸಂಗ್ರಹಿಸಲಾರದೆಂಬುದನ್ನು ಸ್ಪಷ್ಟಪಡಿಸಿದವು. ತುಂಗಭದ್ರಾ ಅಚ್ಚುಕಟ್ಟಿನಂಥ ನೀರಾವರಿ ಪ್ರದೇಶಗಳಲ್ಲಿ ನೀರು ಬಸಿಯದೆ ಜವಳು ಹಿಡಿದ ಹೊಲಗಳನ್ನು ಕಂಡವರಿಗೆ ಇದರ ಅರ್ಥ ಬೇಗ ತಿಳಿದೀತು. ಅಲ್ಲಿ ಗೊಬ್ಬರವಿದೆ, ನೀರಿದೆ. ಆದರೂ ಹತ್ತಿಯೋ ಜೋಳವೋ ಹಳದಿಗಟ್ಟುತ್ತದೆ. ಉಸಿರು ಕಟ್ಟಿದ ಬೇರಿನಲ್ಲಿ ಪಂಪನ್ನು ನಡೆಸುವ ಶಕ್ತಿಯಿಲ್ಲದಿರುವುದು ಅದಕ್ಕೆ ಒಂದು ಮುಖ್ಯ ಕಾರಣ. (ಬತ್ತದ ಮಾತು ಬೇರೆ, ಅದರ ಕಾಂಡದಲ್ಲಿಯೂ ಬೇರಿನಲ್ಲಿಯೂ ಗಾಳಿ ಇಳಿದುಬರುವ ಪೊಳ್ಳುಗಳಿವೆ.)

ಕಾಲುವೆಗಳು ಮತ್ತು ವಾಹಕಗಳು

ಕೋಶದ ಒಳಗಣ ಋಣವಿದ್ಯುತ್ತು ಪೊಟ್ಯಾಸಿಯಂನಂಥ ಧನ ಅಯಾನುಗಳನ್ನು ಸೆಳೆಯುತ್ತದೆ. ಅವು ಬರುವ ಮಾರ್ಗವೇ ಕಾಲುವೆ. ಪೊಟ್ಯಾಸಿಯಂ ಕಾಲುವೆಯ ಅತ್ಯಂತ ಕಿರಿದಾದ ಭಾಗದಲ್ಲಿ ಆಮ್ಲಜನಕದ ಪರಮಾಣುಗಳು ಸಾಲಾಗಿ ಜೋಡಣೆಗೊಂಡಿವೆ. ನೀರಿನಲ್ಲಿ ತನ್ನನ್ನು ಸುತ್ತುವರಿದಿದ್ದ ನೀರಿನ ಅಣುಗಳನ್ನು ಕಳಚಿಕೊಂಡು ಬರುವ ಪೊಟ್ಯಾಸಿಯಂ ಅಯಾನು ಈ ಪರಮಾಣುಗಳ ನಡುವೆ ಸರಿಯಾಗಿ ಹೊಂದಿಕೊಳ್ಳುತ್ತದೆ. ಸೋಡಿಯಂ ಅಯಾನು ಗಾತ್ರದಲ್ಲಿ ಚಿಕ್ಕದು; ಆದರೂ ಅದಕ್ಕೆ ಇಲ್ಲಿ ಸುಲಭ ಪ್ರವೇಶವಿಲ್ಲ. ಆ ಪರಮಾಣುಗಳನ್ನು ಅದು ಸಮೀಪದಿಂದ ತಾಗಲಾರದಾದ್ದರಿಂದ, ನೀರನ್ನು ಕಳೆದುಕೊಂಡ ನಷ್ಟ ತುಂಬುವುದಿಲ್ಲ. ರಾಡರಿಕ್ ಮ್ಯಾಕಿನನ್ ಅವರು ೧೯೯೮ರಲ್ಲಿ ಬ್ಯಾಕ್ಟೀರಿಯವೊಂದರ ಕಾಲುವೆಯ ರಚನೆಯನ್ನು ಕಂಡುಹಿಡಿದು ಈ ರಹಸ್ಯವನ್ನು ಬಿಡಿಸಿದರು. ಸಸ್ಯಗಳ ಪೊಟ್ಯಾಸಿಯಂ ಕಾಲುವೆಗಳಲ್ಲಿಯೂ ಇದೇ ಬಗೆಯ ಶೋಧಕಭಾಗವಿದೆ. ಅವರಿಗೆ ೨೦೦೩ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ನೈಟ್ರೇಟ್, ಫಾಸ್ಫೇಟ್‌ಗಳು ಋಣ ಅಯಾನುಗಳು. ಒಳಗಣ ಋಣವಿದ್ಯುತ್ತು ಅವನ್ನು ಹೊರಕ್ಕೆ ನೂಕುತ್ತದೆ. ಅವುಗಳನ್ನು ಒಳಗೆ ತರಲು ವಾಹಕ ಪ್ರೋಟೀನುಗಳು ಬೇಕು. ವಾಹಕವು ಹೊರಗಣಿಂದ ಒಂದು ನೈಟ್ರೇಟನ್ನೂ ಅದರ ಜೊತೆಗೆ ಪ್ರೋಟಾನುಗಳನ್ನೂ ಹಿಡಿದುಕೊಂಡು, ತನ್ನ ಆಕಾರವನ್ನು ಬದಲಿಸಿ, ಅವುಗಳನ್ನು ಒಳಗೆ ಬಿಡುತ್ತದೆ. ಪಂಪು ಹೊರಹಾಕಿದ ಪ್ರೋಟಾನುಗಳು ಹಿಂದಿರುಗುವಾಗ ನೈಟ್ರೇಟನ್ನು ಕೈಹಿಡಿದು ಕರೆತರುತ್ತವೆಂದರೆ ತಪ್ಪಾಗದು.

ಇಂಥ ವಾಹಕಗಳಿವೆಯೆಂಬುದನ್ನು ಅವುಗಳನ್ನು ಕಾಣುವ ಮೊದಲೇ ಊಹಿಸಿದವರಲ್ಲಿ ಇಮ್ಯಾನುಯೆಲ್ ಎಪ್ಸ್ಟೈನ್ ಅವರ ಹೆಸರು ಮುಖ್ಯ. ಅವರು ಹೇಗನ್ ಅವರೊಡನೆ ೧೯೫೨ರಲ್ಲಿ, ವಿಕಿರಣಶೀಲ ರುಬಿಡಿಯಂ ಬಳಸಿ, ಬಾರ್ಲಿಯ ಬೇರು ಅದನ್ನು ಸ್ವೀಕರಿಸುವ ವೇಗವನ್ನು ಅಳೆದರು. ಹೊರಗಣ ಸಾಂದ್ರತೆ ಹೆಚ್ಚಿದಂತೆ ವೇಗ ಮೊದಲು ಹೆಚ್ಚಿ, ಬಳಿಕ ಒಂದು ಮಿತಿಯಲ್ಲಿ ನಿಂತಿತು. ಕಿಣ್ವಗಳ ನಡವಳಿಕೆಯೂ ಇದೇ ರೀತಿಯದು. ದೋಣಿಗಳು ಇಂತಿಷ್ಟೇ ಇದ್ದಾಗ ದಡದಲ್ಲಿ ಜನರೆಷ್ಟೇ ನೆರೆದರೂ ಹೊಳೆ ದಾಟುವವರ ಸಂಖ್ಯೆ ಹೆಚ್ಚದು. ಒಮ್ಮೆಲೇ ಸುರಿದ ಗೊಬ್ಬರಕ್ಕಿಂತ ಕಂತುಗಳಲ್ಲಿ ಕೊಟ್ಟ ಗೊಬ್ಬರ ಹೆಚ್ಚು ಫಲಕಾರಿಯಾಗುವುದಕ್ಕೆ ಇದೂ ಒಂದು ಕಾರಣ; ಬೇರು ಸ್ವೀಕರಿಸದೆ ಉಳಿದ ನೈಟ್ರೇಟ್ ಮಳೆನೀರಿನೊಡನೆ ಕೆಳಗಿಳಿದು ಅಂತರ್ಜಲವನ್ನು ಸೇರುತ್ತದೆ.

೧೯೯೨ರಲ್ಲಿ ಸಸ್ಯಗಳ ಪೊಟ್ಯಾಸಿಯಂ ಕಾಲುವೆಗಳ ಜೀನುಗಳೂ ೧೯೯೩ರಲ್ಲಿ ನೈಟ್ರೇಟ್ ವಾಹಕದ ಜೀನೂ ಪ್ರಥಮತಃ ಪತ್ತೆಯಾದವು. ಇವೆಲ್ಲ ಸಾಸಿವೆಯ ಕುಟುಂಬಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಸಣ್ಣ ಕಳೆಗಿಡದಲ್ಲಿ ದೊರೆತವು. ತೈವಾನಿನ ವಿಜ್ಞಾನಿ ಯೀ-ಫಾಂಗ್ ತ್ಸಾಯ್ ಮತ್ತು ಅವರ ಸಹೋದ್ಯೋಗಿಗಳು ಮುಂದೆ ಈ ನೈಟ್ರೇಟ್ ವಾಹಕದಲ್ಲಿ ಒಂದು ಅಪೂರ್ವ ಗುಣವನ್ನು ಗುರುತಿಸಿದರು. ನೈಟ್ರೇಟ್ ಹೇರಳವಾಗಿರುವಾಗ ಈ ಪ್ರೋಟೀನು ಸಡಿಲವಾಗಿ ಹಿಡಿದು ಹೆಚ್ಚು ಸಾಗಿಸುತ್ತದೆ. ಅದು ವಿರಳವಾದಾಗ ಪ್ರೋಟೀನಿನ ೧೦೧ನೆಯ ಅಮೈನೋ ಆಮ್ಲಕ್ಕೆ ಫಾಸ್ಫೇಟಿನ ಒಂದು ತುಣುಕು ಅಂಟಿಕೊಂಡು, ಅದೇ ಪ್ರೋಟೀನು ಅಲ್ಪಸ್ವಲ್ಪವನ್ನೂ ಬಿಗಿಯಾಗಿ ಹಿಡಿಯಬಲ್ಲುದಾಗುತ್ತದೆ. ಹೊರಗೆ ನೈಟ್ರೇಟ್ ಎಷ್ಟಿದೆಯೆಂಬ ವಾರ್ತೆಯನ್ನು ಕೋಶಕ್ಕೆ ತಿಳಿಸುವುದೂ ಇದೇ ಪ್ರೋಟೀನೆಂದು ೨೦೦೯ರಲ್ಲಿ ತಿಳಿದುಬಂದಿತು.

ಎರೆಭೂಮಿಯಲ್ಲಿ ಕಬ್ಬಿಣದ ಬರ

ಕಬ್ಬಿಣದ ವಿಷಯದಲ್ಲಿ ಬೇರು ಇನ್ನೂ ಹೆಚ್ಚಿನ ಶ್ರಮವಹಿಸಬೇಕಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣಕ್ಕೆ ಕೊರತೆಯಿಲ್ಲ. ಆದರೆ ಅದು ತುಕ್ಕಿನ ರೂಪದಲ್ಲಿ ಕರಗದೆ ಕುಳಿತಿರುತ್ತದೆ. ಶೇಂಗಾ, ಕಡಲೆ ಮುಂತಾದ ದ್ವಿದಳ ಸಸ್ಯಗಳು ಮೊದಲು ಪ್ರೋಟಾನುಗಳನ್ನು ಹೊರಹಾಕಿ ಬೇರಿನ ಸುತ್ತ ಆಮ್ಲತೆಯನ್ನುಂಟುಮಾಡಿ ಕಬ್ಬಿಣವನ್ನು ಕರಗಿಸುತ್ತವೆ. ಬಳಿಕ ಬೇರಿನ ಮೇಲ್ಮೈಯಲ್ಲಿರುವ ಒಂದು ಕಿಣ್ವ ಅದಕ್ಕೆ ಇಲೆಕ್ಟ್ರಾನನ್ನು ನೀಡಿ ಫೆರಸ್ ರೂಪಕ್ಕೆ ತರುತ್ತದೆ. ಅನಂತರವೇ ವಾಹಕ ಅದನ್ನು ಒಳಕ್ಕೊಯ್ಯುತ್ತದೆ. ಈ ವಾಹಕದ ಜೀನು ೧೯೯೬ರಲ್ಲಿ ಪತ್ತೆಯಾಯಿತು.

ಹುಲ್ಲಿನ ಕುಟುಂಬಕ್ಕೆ ಸೇರಿದ ಗೋಧಿ, ಬಾರ್ಲಿ, ಮೆಕ್ಕೆಜೋಳಗಳದು ಬೇರೆಯೇ ಮಾರ್ಗ. ಅವು ತಮ್ಮ ಬೇರುಗಳಿಂದ ಮ್ಯೂಜಿನಿಕ್ ಆಮ್ಲದ ಜಾತಿಯ ಅಣುಗಳನ್ನು ಮಣ್ಣಿಗೆ ಕಳುಹಿಸುತ್ತವೆ. ಅವು ಕಬ್ಬಿಣವನ್ನು ಅಪ್ಪಿ ಹಿಡಿದು ಕರಗಿಸುತ್ತವೆ. ಅಪ್ಪಿದ ಜೋಡಿಯನ್ನೇ ಬೇರು ಮರಳಿ ಸ್ವೀಕರಿಸುತ್ತದೆ. ಜಪಾನಿನ ತಕಾಗಿ ಅವರು ೧೯೭೬ರಲ್ಲಿ ಈ ಮಾರ್ಗದ ಮೇಲೆ ಬೆಳಕು ಚೆಲ್ಲಿದರು.

ಉತ್ತರ ಕರ್ನಾಟಕದ ಸುಣ್ಣಮಿಶ್ರಿತ ಎರೆಭೂಮಿಯಲ್ಲಿ ಶೇಂಗಾ ಬೆಳೆ ಎಳೆಯದಾಗಿರುವಾಗಲೇ ಹಳದಿಯಾಗುವುದನ್ನು ರೈತರು ಬಲ್ಲರು. ಬೇರು ಹೊರಹಾಕಿದ ಆಮ್ಲವನ್ನೆಲ್ಲ ಮಣ್ಣಿನ ಸುಣ್ಣ ನುಂಗಿಬಿಡುತ್ತದೆ, ಕಬ್ಬಿಣ ಕರಗುವುದಿಲ್ಲ. ಇಂಥ ನೆಲಕ್ಕೆ ಕಬ್ಬಿಣದ ಲವಣವನ್ನು ಹಾಕಿದರೂ ಅದು ಬೇಗನೆ ತುಕ್ಕಾಗಿ ನಿಷ್ಫಲವಾಗುತ್ತದೆ. ಅದೇ ಲವಣವನ್ನು ನೀರಿನಲ್ಲಿ ಕರಗಿಸಿ ಎಲೆಗಳ ಮೇಲೆ ಸಿಂಪಡಿಸಿದರೆ ಬೆಳೆ ಹಸಿರಾಗುತ್ತದೆ. ಮಣ್ಣಿನಲ್ಲಿ ಇದ್ದ ಮಾತ್ರಕ್ಕೆ ಗಿಡಕ್ಕೆ ದೊರೆತಂತಾಗಲಿಲ್ಲ ಎಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಹಿಮಾಲಯದ ತಪ್ಪಲಿನ ತರಾಯ್ ಪ್ರದೇಶದಲ್ಲಿ ಬತ್ತವನ್ನು ಕಾಡುತ್ತಿದ್ದ 'ಖೈರಾ' ಎಂಬ ಪೀಡೆಗೆ ಸತುವಿನ ಕೊರತೆಯೇ ಕಾರಣವೆಂದು ಪಂತನಗರದ ವೈ. ಎಲ್. ನೆನೆ ಅವರು ೧೯೬೬ರಲ್ಲಿ ತೋರಿಸಿಕೊಟ್ಟದ್ದೂ ಇಂಥದೇ ಪಾಠ. ರೋಗವೆಂದು ತೋರಿದ್ದು ಹಸಿವಾಗಿತ್ತು.

ಒಳಕೋಟೆಯಿಂದ ಎಲೆಯವರೆಗೆ

ಬೇರಿನ ಹೊರಪದರದ ಕೋಶಗಳ ನಡುವಣ ಸಂದುಗಳಲ್ಲಿ ನೀರೂ ಲವಣವೂ ಸ್ವಲ್ಪದೂರ ಯಾರ ತಡೆಯೂ ಇಲ್ಲದೆ ಹರಿಯಬಹುದು. ಆದರೆ ಬೇರಿನ ನಡುಭಾಗವನ್ನು ಸುತ್ತುವರಿದ ಎಂಡೋಡರ್ಮಿಸ್ ಎಂಬ ಕೋಶಗಳ ಬಳೆಯಲ್ಲಿ, ಆ ಸಂದುಗಳನ್ನು ಲಿಗ್ನಿನ್ ಎಂಬ ಗಟ್ಟಿ ವಸ್ತುವಿನ ಪಟ್ಟಿ ಮುಚ್ಚಿರುತ್ತದೆ. ಜರ್ಮನಿಯ ಸಸ್ಯವಿಜ್ಞಾನಿ ಕ್ಯಾಸ್ಪರಿಯ ಹೆಸರಿನಿಂದ ಇದನ್ನು ಕ್ಯಾಸ್ಪೇರಿಯನ್ ಪಟ್ಟಿಯೆಂದು ಕರೆಯುತ್ತಾರೆ. ಸಂದಿಯಲ್ಲಿ ನುಸುಳಿ ಬಂದುದೂ ಇಲ್ಲಿ ಯಾವುದಾದರೊಂದು ಕೋಶದ ಪೊರೆಯನ್ನು ದಾಟಿಯೇ ಮುಂದುವರಿಯಬೇಕು. ಕೋಟೆಯ ಒಳಸುತ್ತಿನ ಗೋಡೆಯಂತೆ ಇದು ಎಲ್ಲವನ್ನೂ ತಪಾಸಣೆಗೆ ಒಳಪಡಿಸುತ್ತದೆ. ಒಳಗೆ ಸಂಗ್ರಹವಾದುದು ಹಿಂದಕ್ಕೆ ಸೋರಿಹೋಗದಂತೆಯೂ ತಡೆಯುತ್ತದೆ.

ಗೋಡೆ ದಾಟಿದ ಅಯಾನುಗಳನ್ನು ಕ್ಸೈಲಮ್ ಎಂಬ ನೀರ್ಗೊಳವೆಗೆ ತುಂಬುವುದಕ್ಕೂ ಪ್ರತ್ಯೇಕ ಪ್ರೋಟೀನುಗಳಿವೆ. ಬೋರಾನನ್ನು ಹೀಗೆ ತುಂಬುವ ವಾಹಕವನ್ನು ಜಪಾನಿನ ವಿಜ್ಞಾನಿಗಳು ೨೦೦೨ರಲ್ಲಿ ಪತ್ತೆಹಚ್ಚಿದರು. ಕ್ಸೈಲಮಿನ ಕೊಳವೆಗಳು ಸತ್ತ ಕೋಶಗಳಿಂದಾದವು. ಎಲೆಗಳಿಂದ ನೀರು ಆವಿಯಾದಂತೆ ಉಂಟಾಗುವ ಸೆಳೆತ ಮರದ ತುದಿಯವರೆಗೂ ನೀರಿನ ಕಂಬವನ್ನು ಎಳೆಯುತ್ತದೆ. ಲವಣಗಳು ಅದರೊಡನೆ ಏರುತ್ತವೆ. ರಾತ್ರಿ ಈ ಸೆಳೆತವಿಲ್ಲದಿರುವಾಗ, ಬೇರು ತುಂಬಿದ ಲವಣಗಳು ನೀರನ್ನು ಒಳಗೆ ಸೆಳೆದು ಒತ್ತಡವನ್ನುಂಟುಮಾಡುತ್ತವೆ. ಬೆಳಗಿನ ಜಾವದಲ್ಲಿ ಬತ್ತದ ಸಸಿಯ ಎಲೆತುದಿಯಲ್ಲಿ ಹೊಳೆಯುವ ಹನಿ ಅನೇಕ ವೇಳೆ ಇಬ್ಬನಿಯಲ್ಲ. ಬೇರು ರಾತ್ರಿಯಿಡೀ ದುಡಿದುದರ ಕುರುಹು.

ಎಲೆಗೆ ತಲುಪಿದ ಧಾತುಗಳು ಮತ್ತೆ ಬೇರೆಡೆಗೆ ಹೋಗುವುದು ಫ್ಲೋಯಮ್ ಎಂಬ ಆಹಾರನಾಳದ ಮೂಲಕ. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಇವು ಸುಲಭವಾಗಿ ಹೀಗೆ ಚಲಿಸುತ್ತವೆ. ಕೊರತೆಯುಂಟಾದಾಗ ಗಿಡ ಹಳೆಯ ಎಲೆಯಿಂದ ಅವನ್ನು ತೆಗೆದು ಚಿಗುರಿಗೆ ಕೊಡುತ್ತದೆ. ಕ್ಯಾಲ್ಸಿಯಂ ಚಲಿಸುವುದೇ ಇಲ್ಲವೆನ್ನಬಹುದು. ಕಬ್ಬಿಣದ ಚಲನೆಯೂ ಅಲ್ಪ. ಆದುದರಿಂದ ಕೆಳಗಿನ ಎಲೆ ಮೊದಲು ಹಳದಿಯಾದರೆ ಸಾರಜನಕದಂಥ ಚಲಿಸುವ ಧಾತುವಿನ ಕೊರತೆಯನ್ನೂ, ತುದಿಯ ಎಲೆ ಮೊದಲು ಹಳದಿಯಾದರೆ ಕಬ್ಬಿಣದಂಥದರ ಕೊರತೆಯನ್ನೂ ಶಂಕಿಸಬೇಕು. ಅಧ್ಯಾಪಕರು ಯಾವ ಉಪಕರಣವೂ ಇಲ್ಲದೆ ಶಾಲೆಯ ತೋಟದಲ್ಲಿಯೇ ಮಕ್ಕಳಿಗೆ ಇದನ್ನು ತೋರಿಸಬಹುದು.

ಬಾಗಿಲು ಮೋಸಹೋದಾಗ

ಬೇರಿನ ಆಯ್ಕೆ ಪರಿಪೂರ್ಣವಲ್ಲ. ಅವಶ್ಯಕ ಧಾತುವನ್ನು ಹೋಲುವ ವಿಷವಸ್ತು ಅದೇ ಬಾಗಿಲಿನಿಂದ ಒಳಹೊಗಬಲ್ಲದು. ಜಪಾನಿನ ಜಿನ್ಜೂ ನದಿಯ ದಡದಲ್ಲಿ, ಗಣಿಯಿಂದ ಹರಿದುಬಂದ ಕ್ಯಾಡ್ಮಿಯಂ ಗದ್ದೆಗಳನ್ನು ಸೇರಿ, ಅಲ್ಲಿಯ ಅನ್ನವನ್ನುಂಡವರ ಮೂಳೆಗಳು ಮುರಿಯುವಷ್ಟು ದುರ್ಬಲವಾದವು. ರೋಗಿಗಳ ನರಳಾಟದಿಂದ ಅದಕ್ಕೆ 'ಇಟಾಯ್ ಇಟಾಯ್', ಎಂದರೆ 'ನೋವು, ನೋವು', ಎಂದೇ ಹೆಸರಾಯಿತು. ಕ್ಯಾಡ್ಮಿಯಂ ಅದಕ್ಕೆ ಕಾರಣವೆಂದು ಅಲ್ಲಿಯ ಸರಕಾರ ೧೯೬೮ರಲ್ಲಿ ಒಪ್ಪಿಕೊಂಡಿತು. ಬತ್ತದ ಬೇರಿನಲ್ಲಿ ಮ್ಯಾಂಗನೀಸನ್ನು ಒಳತರುವ ವಾಹಕವೇ ಕ್ಯಾಡ್ಮಿಯಮನ್ನೂ ಕರೆತರುತ್ತದೆಂಬುದು ಸ್ಪಷ್ಟವಾದುದು ೨೦೧೨ರಲ್ಲಿ. ಅದೇ ವರ್ಷ ಜಪಾನಿನ ವಿಜ್ಞಾನಿಗಳು ಆ ವಾಹಕ ಕೆಲಸಮಾಡದ ಬತ್ತದ ತಳಿಯನ್ನು ವರದಿಮಾಡಿದರು. ಕಲುಷಿತ ಗದ್ದೆಯಲ್ಲಿ ಬೆಳೆದರೂ ಅದರ ಅಕ್ಕಿಯಲ್ಲಿ ಕ್ಯಾಡ್ಮಿಯಂ ಇಲ್ಲವೆನ್ನುವಷ್ಟು ಕಡಿಮೆಯಾಗಿತ್ತು.

ಪಶ್ಚಿಮ ಬಂಗಾಳ ಮತ್ತು ಬಾಂಗ್ಲಾದೇಶಗಳ ಅಂತರ್ಜಲದಲ್ಲಿರುವ ಆರ್ಸೆನಿಕ್‌ನ ಕಥೆಯೂ ಹೀಗೆಯೇ. ಬತ್ತ ತನ್ನ ಕಾಂಡವನ್ನು ಬಲಪಡಿಸಿಕೊಳ್ಳಲು ಸಿಲಿಕಾನನ್ನು ಹೇರಳವಾಗಿ ಸ್ವೀಕರಿಸುತ್ತದೆ. ನೀರು ನಿಂತ ಗದ್ದೆಯಲ್ಲಿ ಆರ್ಸೆನಿಕ್ ತಾಳುವ ರೂಪ ಸಿಲಿಕಾನಿನ ಬಾಗಿಲುಗಳಿಂದಲೇ ಒಳಬರುತ್ತದೆಂದು ೨೦೦೮ರಲ್ಲಿ ತಿಳಿದುಬಂದಿತು.

ಬಾಗಿಲುಗಳ ಈ ತಿಳಿವಳಿಕೆ ಉಪಕಾರಕ್ಕೂ ಒದಗುತ್ತದೆ. ಆಸ್ಟ್ರೇಲಿಯದ ವಿಜ್ಞಾನಿಗಳು ಒಂದು ಪುರಾತನ ಗೋಧಿಯ ಜೀನನ್ನು ಸಂಕರಣದಿಂದ ಇಂದಿನ ಗಟ್ಟಿ ಗೋಧಿಗೆ ತಂದರು. ಆ ಜೀನಿನ ಪ್ರೋಟೀನು ಕ್ಸೈಲಮಿನಿಂದ ಸೋಡಿಯಮನ್ನು ಹಿಂದೆಗೆದುಕೊಂಡು ಎಲೆಗೆ ಹೋಗದಂತೆ ತಡೆಯುತ್ತದೆ. ಸವಳು ನೆಲದಲ್ಲಿ ಆ ಗೋಧಿ ಶೇಕಡ ೨೫ರವರೆಗೆ ಹೆಚ್ಚು ಇಳುವರಿ ಕೊಟ್ಟಿತೆಂದು ೨೦೧೨ರಲ್ಲಿ ಪ್ರಕಟಿಸಿದರು.

ಉಪಸಂಹಾರ

ಮೇಲಿನ ವಿವರಗಳಿಂದ ಒಂದು ತತ್ತ್ವ ಸ್ಪಷ್ಟವಾಗುತ್ತದೆ. ಮಣ್ಣಿಗೆ ಕೊಟ್ಟುದು ಗಿಡಕ್ಕೆ ತಲುಪಬೇಕಾದರೆ ಅದು ಕರಗಿದ ರೂಪದಲ್ಲಿರಬೇಕು, ಬೇರಿಗೆ ಉಸಿರಾಡಲು ಗಾಳಿಯಿರಬೇಕು, ಅದನ್ನು ಗುರುತಿಸಿ ಒಳತರುವ ಪ್ರೋಟೀನು ಇರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಗೊಬ್ಬರದ ಹಣ ಮಣ್ಣುಪಾಲಾಗುತ್ತದೆ. ಮಣ್ಣಿನ ಪರೀಕ್ಷೆ ಮಾಡಿಸುವುದು, ನೀರು ಬಸಿಯಲು ದಾರಿ ಮಾಡುವುದು, ಸೆಗಣಿಗೊಬ್ಬರದಿಂದ ಮಣ್ಣನ್ನು ಸಡಿಲಗೊಳಿಸುವುದು, ಗೊಬ್ಬರವನ್ನು ಕಂತುಗಳಲ್ಲಿ ಕೊಡುವುದು ಇವು ಹಿರಿಯರೂ ಕೃಷಿ ಅಧಿಕಾರಿಗಳೂ ಹೇಳುತ್ತಲೇ ಬಂದ ಮಾತುಗಳು. ಅವುಗಳ ಕಾರಣವನ್ನು ಅಣುವಿಜ್ಞಾನ ಇಂದು ನಮ್ಮ ಮುಂದಿಟ್ಟಿದೆ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಒಕ್ಕಲುತನದ ಮನೆಗಳಿಂದ ಬಂದವರು. 'ಬೇರು ಹೀರುತ್ತದೆ' ಎಂಬ ವಾಕ್ಯವನ್ನು ಅವರಿಗೆ ಕಲಿಸುವಾಗ, ಬೇರು ಆರಿಸುತ್ತದೆ, ದುಡಿಯುತ್ತದೆ, ಒಮ್ಮೊಮ್ಮೆ ಮೋಸಹೋಗುತ್ತದೆ ಎಂಬುದನ್ನೂ ಕೂಡಿಸಿ ಹೇಳಿದರೆ, ಪಾಠ ಪರೀಕ್ಷೆಯೊಡನೆ ಮುಗಿಯದೆ ಹೊಲದವರೆಗೂ ಹೋದೀತು.